ಅವಳು ಕೊಡದೆ ಇಟ್ಟ ಹಿಡಿಯಕ್ಕಿ

ಅವಳು ಹೋಗಿ ತಿಂಗಳಾಯಿತು. ನಮ್ಮ ಚರ್ಚಿನ ಹೆಂಗಸರ ಕೂಟದವರು ಒಂದು ಸಣ್ಣ ಪುಸ್ತಕ ಮಾಡುತ್ತಾರಂತೆ. ಅದಕ್ಕೆ ಅವಳ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಅಂತ ಪಾದ್ರಿಗಳ ಹೆಂಡತಿ ನನ್ನ ಮನೆಗೇ ಬಂದು ಕೇಳಿದರು. "ನಲವತ್ತು ವರ್ಷದ ಸ್ನೇಹ ಅಲ್ವಾ ನಿಮ್ಮದು, ನೀವೇ ಬರೀಬೇಕು" ಅಂದರು. ಸ್ನೇಹ ಅಂತ ಅವರಿಗೆ ಯಾರು ಹೇಳಿದರೋ. ಒಂದೇ ಗಲ್ಲಿಯಲ್ಲಿ ಎದುರುಬದುರು ಮನೆಯಲ್ಲಿ ನಲವತ್ತು ವರ್ಷ ಇದ್ದೆವು, ಅದು ನಿಜ. ಆ ನಲವತ್ತು ವರ್ಷವೂ ಅವಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು, ಅದೂ ನಿಜ. ಎರಡನ್ನೂ ಬರೀತೀನಿ, ಹಾಕೋದಾದ್ರೆ ಹಾಕಿ ಅಂದೆ. ಅಮ್ಮನವರು ನಕ್ಕರು. ತಮಾಷೆ ಅಂದುಕೊಂಡರು.

ಹೆಸರು ಬರೆಯುವುದಿಲ್ಲ. ಅವಳ ಮಗಳು ಬೇಡ ಅಂದಿದ್ದಾಳೆ. ಬರೆಯದಿದ್ದರೂ ಮರ್ಫಿ ಟೌನಿನಲ್ಲಿ ರವಿಕೆ ಹೊಲಿಸಿಕೊಂಡ ಯಾವ ಹೆಂಗಸಿಗಾದರೂ ಇವಳು ಯಾರು ಅಂತ ಗೊತ್ತಾಗುತ್ತದೆ.

ಕುಳ್ಳಗೆ ಇದ್ದಳು. ಜೀವಮಾನವೆಲ್ಲ ಮೆಷಿನ್ ತುಳಿದು ಬಲಗಾಲು ಯಾವಾಗಲೂ ಸ್ವಲ್ಪ ಊದಿಕೊಂಡಿರುತ್ತಿತ್ತು. ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿರುತ್ತಿದ್ದಳು, ಅದೂ ರವಿಕೆ ಹೊಲಿದು ಮಿಕ್ಕ ದಾರ, ಒಂದು ತಿಂಗಳು ಕೆಂಪು, ಒಂದು ತಿಂಗಳು ಹಸಿರು. ನೋಡಲು ಏನೂ ಇರಲಿಲ್ಲ. ವಯಸ್ಸಿನಲ್ಲಿ ನಾನು ಅವಳಿಗಿಂತ ಚೆನ್ನಾಗಿದ್ದೆ. ಹಾಡುವ ಗಂಟಲೂ ನನ್ನದೇ ಚೆನ್ನಾಗಿತ್ತು. ಆದರೂ ಜನ ಅವಳ ಮನೆ ಬಾಗಿಲಿಗೆ ಹೋಗುತ್ತಿದ್ದರು. ನನ್ನ ಬಾಗಿಲಿಗೆ ಬಂದವರು ಅವಳು ಮನೆಯಲ್ಲಿದ್ದಾಳಾ ಅಂತ ಕೇಳಲು ಬರುತ್ತಿದ್ದರು.

ಮುಂದಿನ ಕೋಣೆಯ ಕಿಟಕಿಗೆ ಒತ್ತಿಕೊಂಡು ಅವಳ ಮೆಷಿನ್ನು. ಹಲಸೂರು, ಜೋಗುಪಾಳ್ಯದಿಂದೆಲ್ಲ ಹೆಂಗಸರು ಬರುತ್ತಿದ್ದರು. ಶಿವಾಜಿನಗರದಿಂದ ಬುರ್ಖಾ ಹಾಕಿಕೊಂಡವರೂ ಬಟ್ಟೆ ಗಂಟು ತರುತ್ತಿದ್ದರು. ರವಿಕೆ ಅಳತೆ ಕೊಡಲು ಬಂದವರು ಒಂದು ಗಂಟೆ ಕೂತು, ಅತ್ತು, ಮುಖ ತೊಳೆದುಕೊಂಡು ಹೋಗುತ್ತಿದ್ದರು. ನಾನು ನನ್ನ ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಾ ಇದನ್ನೆಲ್ಲ ನೋಡುತ್ತಿದ್ದೆ. ಒಂದು ದಿನ ಕೇಳಿದೆ: "ಏನೇ, ರವಿಕೆ ಹೊಲೀತಿಯೋ, ಅಳಿಸ್ತೀಯೋ?"

"ಅಳತೆ ತೆಗೆಯುವಾಗ ತೋಳು ಎತ್ತಬೇಕಲ್ಲ ಅಕ್ಕ" ಅಂದಳು. "ತೋಳು ಎತ್ತಿದ್ರೆ ಏಟು ಕಾಣ್ಸುತ್ತೆ. ಕಂಡ ಮೇಲೆ ಸುಮ್ನೆ ಟೇಪು ಹಿಡಿಯಕ್ಕಾಗುತ್ತಾ?"

ಅವಳ ಪ್ರಾರ್ಥನೆಗೆ ಒಂದು ಕ್ರಮ ಇತ್ತು. ಮೆಷಿನ್ನಿನ ಚಕ್ರವನ್ನು ಅಂಗೈಯಿಂದ ನಿಲ್ಲಿಸುವಳು. ತುಟಿಯಲ್ಲಿ ಕಚ್ಚಿಕೊಂಡ ಸೂಜಿ ತೆಗೆದು ಸೆರಗಿಗೆ ಚುಚ್ಚುವಳು. ಕನ್ನಡಕ ತೆಗೆದು ಮಡಿಲಲ್ಲಿ ಇಡುವಳು. ಆಮೇಲೆ ಬಂದವಳ ಎರಡೂ ಕೈ ಹಿಡಿದುಕೊಳ್ಳುವಳು. ತಲೆ ಮೇಲೆ ಕೈ ಇಡುತ್ತಿರಲಿಲ್ಲ. "ನೋಡಪ್ಪಾ, ಇವಳು ಬಂದಿದಾಳೆ. ನಿನಗೇ ಗೊತ್ತು. ಬೇಗ ಏನಾದ್ರೂ ಮಾಡು" ಅನ್ನುವಳು, ಪಕ್ಕದ ಮನೆಯವನಿಗೆ ಹೇಳಿದ ಹಾಗೆ. ಎರಡು ನಿಮಿಷದಲ್ಲಿ ಮುಗಿಯಿತು. ನಾನು ಪ್ರಾರ್ಥನೆಗೆ ನಿಂತರೆ ಇಪ್ಪತ್ತು ನಿಮಿಷ. ಆದಿಯಿಂದ ಹಿಡಿದು ಬರುತ್ತಿದ್ದೆ. ಆದರೂ ಅವಳ ಪ್ರಾರ್ಥನೆ ಕೇಳುತ್ತದೆ ಅಂತ ಜನ ಹೇಳುತ್ತಿದ್ದರು. ಕೇಳದೆ ಹೋದರೆ? "ಅವನಿಗೂ ನೂರೆಂಟು ಕೆಲಸ ಇರ್ತದೆ, ನಾಳೆ ಮತ್ತೆ ಕೇಳೋಣ" ಅನ್ನುತ್ತಿದ್ದಳು. ಅದಕ್ಕೂ ಜನ ನಗುತ್ತಿದ್ದರು.

ನಾನು ಮಾತ್ರ ಅವಳಿಗೆ ಮೈ ಅಳತೆ ಕೊಡಲಿಲ್ಲ. ಹಳೇ ರವಿಕೆ ಕಳಿಸಿ, ಇದರ ಹಾಗೇ ಹೊಲಿ ಅನ್ನುತ್ತಿದ್ದೆ.

ಇನ್ನು ಹಿಡಿಯಕ್ಕಿ ವಿಷಯ. ನಮ್ಮ ಸಭೆಯಲ್ಲಿ ಮೊದಲಿನಿಂದಲೂ ಇದೆ. ಹೆಂಗಸು ಅನ್ನಕ್ಕೆ ಅಕ್ಕಿ ಅಳೆದಾಗಲೆಲ್ಲ ಅದರಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಕ್ಕೆ ಹಾಕಬೇಕು. ಅದು ದೇವರದು. ವಾರಕ್ಕೊಮ್ಮೆ ಅದನ್ನು ಬಟ್ಟೆ ಚೀಲಕ್ಕೆ ಸುರಿದು ಕೊಡಬೇಕು. ಹೆಂಗಸಿನ ಕೈಯಲ್ಲಿ ದುಡ್ಡು ಇಲ್ಲದ ಕಾಲದಲ್ಲಿ ಶುರುವಾದದ್ದು. ಅವಳು ಕೊಡಬಹುದಾದದ್ದು ಒಲೆಯ ಮುಂದಿನ ಈ ಒಂದು ಹಿಡಿ ಮಾತ್ರ. ಶನಿವಾರ ಮಧ್ಯಾಹ್ನ ಮನೆಮನೆಗೆ ಹೋಗಿ ಚೀಲ ತರುವ ಕೆಲಸ ನನ್ನದು. ಫ್ರೇಜರ್ ಟೌನಿನ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದೆ, ಶನಿವಾರ ಬೆಳಗಿನ ಪಾಳಿ ಮುಗಿಸಿ ಬಂದು ಹೊರಡುತ್ತಿದ್ದೆ. ಎಲ್ಲಾ ಸೇರಿಸಿ ಒಂದು ವೃದ್ಧಾಶ್ರಮದ ಅಡಿಗೆಮನೆಗೆ ಹೋಗುತ್ತಿತ್ತು. ಸೋನಾಮಸೂರಿ, ಕುಸುಬಲಕ್ಕಿ, ರೇಷನ್ ಅಕ್ಕಿ, ಯಾರದೋ ಮನೆಯ ಬಿರಿಯಾನಿ ಅಕ್ಕಿ, ಎಲ್ಲಾ ಒಂದೇ ಮೂಟೆ. ಅನ್ನ ಮಾಡಿದರೆ ಅರ್ಧ ಮುದ್ದೆ, ಅರ್ಧ ಕಾಳು. ಗಂಜಿಗೆ ಮಾತ್ರ ಲಾಯಕ್ಕು. ಆಶ್ರಮದ ಅಡಿಗೆಯವನು ನನ್ನನ್ನು ಕಂಡರೆ, "ಬಂತು ನೋಡಿ ಜಾತ್ಯತೀತ ಅಕ್ಕಿ" ಅನ್ನುತ್ತಿದ್ದ.

ಯಾವ ಅಕ್ಕಿ ಯಾರ ಮನೆಯದು ಅಂತ ಕೈಯಲ್ಲಿ ಹಿಡಿದರೆ ನನಗೆ ಗೊತ್ತಾಗುತ್ತಿತ್ತು. ಅವಳ ಚೀಲ ಯಾವಾಗಲೂ ಕಂಠಪೂರ್ತಿ. ಅವಳ ಕೈ ಸಣ್ಣದು, ಆದರೂ ನನ್ನ ಚೀಲಕ್ಕಿಂತ ಅವಳದೇ ತೂಕ. ಅದಕ್ಕೂ ನನಗೆ ಉರಿ.

ಅವಳಿಗೆ ಒಬ್ಬಳೇ ಮಗಳು. ಗಂಡ ಮೊದಲೇ ತೀರಿಹೋಗಿದ್ದ, ಸಾಧು ಮನುಷ್ಯ. ಮಗಳನ್ನು ಕೃಷ್ಣರಾಜಪುರದ ಕಡೆ ಕೊಟ್ಟಳು. ಹುಡುಗ ಅಲ್ಲಿನ ಚರ್ಚಿನ ಕ್ವಾಯರಿನಲ್ಲಿ ಹಾಡುತ್ತಿದ್ದ, ಚೆನ್ನಾಗಿ ಹಾಡುತ್ತಿದ್ದ. ಕುಡಿದರೆ ಕೈ ಮಾಡುತ್ತಿದ್ದ. ಹುಡುಗಿ ಮೊದಲ ಸಲ ಬಂದಾಗ ನಾಲ್ಕು ದಿನ ಇದ್ದು ಹೋದಳು. ಎರಡನೇ ಸಲ ಬಂದಾಗ ತಾಯಿ ಕೂಟದಲ್ಲಿ ಬಾಯಿಬಿಟ್ಟು ಕೇಳಿದಳು: "ನನ್ ಮಗಳನ್ನ ಏನ್ ಮಾಡ್ಲಿ, ನೀವೇ ಹೇಳಿ." ಆಗಿನ ಪಾದ್ರಿಗಳು ವಾಕ್ಯ ಓದಿ, ತಾಳ್ಮೆ ಇರಲಿ, ಪ್ರಾರ್ಥನೆ ಮಾಡಿ ಕಳಿಸಿ ಅಂದರು. ಹೆಂಗಸರು ತಲೆ ಆಡಿಸಿದರು. ನಾನು ಎದ್ದು ನಿಂತೆ. "ನಾನು ಮೂವತ್ತು ವರ್ಷ ಏಟು ತಿಂದೆ. ಸತ್ತೋದ್ನಾ? ನಿನ್ ಮಗಳೇನು ಸಕ್ಕರೆ ಗೊಂಬೆನಾ ಕರಗಿಹೋಗಕ್ಕೆ?" ಅಂದೆ.

ಅವಳು ನನ್ನ ಕಡೆ ನೋಡಿದಳು. ಮಾರನೇ ದಿನ ಮಗಳನ್ನು ಕಳಿಸಿದಳು. ಅವಳಿಗಾಗಿ ಪ್ರತಿ ಶುಕ್ರವಾರ ಉಪವಾಸ ಹಿಡಿದಳು.

ಅಂಥದೇ ಒಂದು ಶುಕ್ರವಾರ ಮಧ್ಯಾಹ್ನ ಆ ಮನೆಯ ಅಕ್ಕಪಕ್ಕದವರು ಹುಡುಗಿಯನ್ನು ಆಟೋದಲ್ಲಿ ಕರೆತಂದರು. ಎಡಗಿವಿಯಿಂದ ರಕ್ತ ಇಳಿದು ರವಿಕೆಯ ತೋಳೆಲ್ಲ ನೆನೆದಿತ್ತು, ಇವಳೇ ಹೊಲಿದ ರವಿಕೆ. ಆ ಕಿವಿ ಇನ್ನು ಕೇಳಿಸುವುದಿಲ್ಲ ಅಂದರು ಡಾಕ್ಟರು. ಅವನು ಹೊಡೆದದ್ದು ಎಷ್ಟು ಹೊತ್ತಿಗೆ ಅಂತ ಅವಳು ಮಗಳನ್ನು ಕೇಳಿದಳಂತೆ. ಮಗಳು ಹೇಳಿದಳು. ಅದೇ ಹೊತ್ತಿಗೆ ಇವಳು ಇಲ್ಲಿ ಮೊಣಕಾಲೂರಿ ಅವಳ ಹೆಸರು ಹೇಳುತ್ತಿದ್ದಳು.

ಅವತ್ತಿಗೆ ಪ್ರಾರ್ಥನೆ ನಿಲ್ಲಿಸಿದಳು. ಕೂಗಾಡಲಿಲ್ಲ, ಗೋಡೆಯ ಮೇಲಿನ ಪಟ ತೆಗೆಯಲಿಲ್ಲ. ಮಗಳನ್ನು ಮತ್ತೆ ಆ ಮನೆಗೆ ಕಳಿಸಲಿಲ್ಲ, ಪೊಲೀಸ್ ಸ್ಟೇಷನ್ನಿಗೂ ಕೋರ್ಟಿಗೂ ತಾನೇ ಅಲೆದಳು. ಭಾನುವಾರ ಚರ್ಚಿಗೆ ಬರುತ್ತಿದ್ದಳು, ಆದರೆ ಕೊನೆಯ ಬೆಂಚು. ತಿಂಗಳ ಮೊದಲ ಭಾನುವಾರ ಪ್ರಭುಭೋಜನ. ಎಲ್ಲರೂ ಮುಂದೆ ಹೋಗಿ ಮರದ ಕಟಕಟೆಯ ಹತ್ತಿರ ಮೊಣಕಾಲೂರಿ ರೊಟ್ಟಿ, ರಸ ತೆಗೆದುಕೊಳ್ಳುತ್ತೇವೆ. ಆವಾಗ ಎದ್ದು ಹೋಗದೆ ಕೂತರೆ ಇಡೀ ಸಭೆಗೆ ಕಾಣುತ್ತದೆ. ಅವಳು ಎದ್ದು ಹೋಗಲಿಲ್ಲ. ಒಂದು ತಿಂಗಳಲ್ಲ, ಮೂರು ವರ್ಷ. ಮಗಳು ಹೋಗುತ್ತಿದ್ದಳು, ತಾಯಿ ಕೂತಿರುತ್ತಿದ್ದಳು. ಹಿಡಿಯಕ್ಕಿ ಚೀಲವೂ ನಿಂತಿತು. ಶನಿವಾರ ನಾನು ಹೋಗಿ ನಿಂತರೆ, ಮೆಷಿನ್ ತುಳಿಯುತ್ತಲೇ "ಈ ವಾರ ಇಲ್ಲ ಅಕ್ಕ" ಅನ್ನುವಳು.

ನನಗೆ ಅಯ್ಯೋ ಅನಿಸಿತು. ಸುಳ್ಳು ಯಾಕೆ ಬರೀಲಿ, ಒಳಗೆ ಒಂದು ಸಮಾಧಾನವೂ ಆಯಿತು. ಇನ್ನು ಜನ ನನ್ನ ಕಡೆ ಬರುತ್ತಾರೆ ಅಂದುಕೊಂಡೆ. ನಾಲ್ಕು ಜನ ಬಂದರು. ನನ್ನ ಇಪ್ಪತ್ತು ನಿಮಿಷ ಮಾಡಿದೆ. ಮತ್ತೆ ಬರಲಿಲ್ಲ. ಎದುರು ಮನೆಯಲ್ಲಿ ನೋಡಿದರೆ ಮೊದಲಿನ ಹಾಗೇ ಚಪ್ಪಲಿ ಸಾಲು. ಒಳಗೆ ಏನು ನಡೆಯುತ್ತಿತ್ತು ಅಂತ ನನಗೆ ಆಮೇಲೆ ತಿಳಿಯಿತು. "ನನಗೀಗ ಪ್ರಾರ್ಥನೆ ಬರ್ತಾ ಇಲ್ಲ ಕಣಮ್ಮ. ಬೇಕಾದ್ರೆ ಪಕ್ಕದಲ್ಲಿ ಕೂತ್ಕೋತೀನಿ" ಅಂತ ಒಬ್ಬೊಬ್ಬರಿಗೂ ಹೇಳಿದ್ದಳು. ಕೇಳಿದವರು ಯಾರೂ ಹೊರಗೆ ಬಾಯಿ ಬಿಟ್ಟಿರಲಿಲ್ಲ. ನನ್ನೊಬ್ಬಳಿಗೆ ಮಾತ್ರ ಹೇಳಿರಲಿಲ್ಲ.

ಮನೆಮನೆ ಪ್ರಾರ್ಥನೆಗೆ ಒಬ್ಬ ಮುಂದಾಳು ಬೇಕು ಅಂತ ಕೂಟದಲ್ಲಿ ಮಾತು ಬಂತು. ನನಗೆ ಆಸೆ ಇತ್ತು. ವಯಸ್ಸಿನಲ್ಲಿ ಹಿರಿಯಳು, ಒಂದು ಭಾನುವಾರ ತಪ್ಪಿಸಿದವಳಲ್ಲ. ಯಾರೋ ಒಬ್ಬಳು ಎದ್ದು ಅವಳ ಹೆಸರು ಹೇಳಿದಳು. ಇನ್ನೊಬ್ಬಳು ಹೌದು ಅಂದಳು. ನನಗೆ ತಡೆಯಲಾಗಲಿಲ್ಲ.

"ಕಣ್ಣು ನೆಟ್ಟಗಿದೆಯಾ ನಿಮಗೆಲ್ಲ?" ಅಂದೆ. "ಮೂರು ವರ್ಷದಿಂದ ಭೋಜನಕ್ಕೆ ಎದ್ದಿಲ್ಲ. ಮೂರು ವರ್ಷದಿಂದ ಒಂದು ಹಿಡಿ ಅಕ್ಕಿ ಕೊಟ್ಟಿಲ್ಲ. ಚೀಲ ಇಸ್ಕೊಳ್ಳೋಳು ನಾನು, ನನಗೆ ಗೊತ್ತಿಲ್ವಾ? ಕೇಳಿ ಅವಳನ್ನೇ, ದೇವರ ಮೇಲೆ ನಂಬಿಕೆ ಇದೆಯಾ ಅಂತ."

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಯಾರದೋ ಮಗುವಿನ ಫ್ರಾಕಿಗೆ ಗುಂಡಿ ಹೊಲಿಯುತ್ತಿದ್ದಳು, ಕೂಟಕ್ಕೂ ಕೆಲಸ ತರುವ ಅಭ್ಯಾಸ. ದಾರ ಹಲ್ಲಿನಲ್ಲಿ ಕಡಿದಳು.

"ಅಕ್ಕ ಹೇಳಿದ್ದು ಸರಿ" ಅಂದಳು. "ನಂಬಿಕೆ ಇದೆ ಅಂತ ಹೇಳಕ್ಕೆ ಬಾಯಿ ಬರಲ್ಲ. ಇಲ್ಲ ಅನ್ನಕ್ಕೂ ಬರಲ್ಲ. ಮುಂದಾಳು ಕೆಲಸ ಅಕ್ಕನಿಗೇ ಕೊಡಿ. ಆದ್ರೆ ಅಕ್ಕಿ ಎತ್ತಿಡೋದು ಮಾತ್ರ ನಾನು ಬಿಟ್ಟಿಲ್ಲ."

ಕೆಲಸ ನನಗೆ ಕೊಟ್ಟರು. ಬೇರೆ ದಾರಿ ಇರಲಿಲ್ಲ. ಆದರೆ ಕೂಟ ಮುಗಿದ ಮೇಲೆ ನನ್ನ ಹತ್ತಿರ ಒಬ್ಬರೂ ನಿಲ್ಲಲಿಲ್ಲ. ಮೂರು ಜನ ಸೊಸೆಯಂದಿರು, ಒಬ್ಬಳು ಕಾಲೇಜು ಹುಡುಗಿ, ಅವಳನ್ನು ಸುತ್ತಿಕೊಂಡು ನಿಂತು, "ನನಗೂ ಹಂಗೇ ಆಂಟಿ", "ಯಾರಿಗೂ ಹೇಳಿರಲಿಲ್ಲ ಆಂಟಿ" ಅನ್ನುತ್ತಿದ್ದರು. ಇದ್ದ ನಂಬಿಕೆಗೆ ಜನ ಸೇರಿದ್ದರು, ಸರಿ. ಇಲ್ಲದ ನಂಬಿಕೆಗೂ ಸೇರುತ್ತಾರಲ್ಲ! ನಾನು ಚಾಪೆ ಮಡಚಿ ಒಳಗಿಟ್ಟೆ.

ಮುಂದಿನ ಶನಿವಾರ ಅವಳೇ ನನ್ನನ್ನು ಕರೆದಳು. "ಬಾ ಅಕ್ಕ, ಅಕ್ಕಿ ತೋರಿಸ್ತೀನಿ."

ಅಡಿಗೆಮನೆ ಮೂಲೆಯಲ್ಲಿ ಮೂರು ಎಣ್ಣೆ ಡಬ್ಬ. ಹದಿನೈದು ಕೇಜಿ ಎಣ್ಣೆ ಬರುತ್ತದಲ್ಲ, ಆ ತಗಡಿನ ಡಬ್ಬ. ಮುಚ್ಚಳ ತೆಗೆದಳು. ಮೂರರಲ್ಲೂ ಅಕ್ಕಿ. ಬೇವಿನೆಲೆ ಹಾಕಿದ್ದಳು, ಆದರೂ ಹುಳ ಬಿದ್ದು ಮೇಲೆಲ್ಲ ಬೂದಿ ಬಣ್ಣ. ದಿನಾ ಅನ್ನಕ್ಕಿಡುವಾಗ ಒಂದು ಹಿಡಿ ತೆಗೆದಿದ್ದಾಳೆ. ಕೊಟ್ಟಿಲ್ಲ, ಅಷ್ಟೇ.

"ತಲೆ ಕೆಟ್ಟಿದೆಯೇನೇ ನಿನಗೆ? ಕೊಡು, ಇಲ್ಲಾಂದ್ರೆ ತಿನ್ನು" ಅಂದೆ.

"ಕೊಡಕ್ಕೆ ಮನಸ್ಸು ಬರಲ್ಲ. ತಿನ್ನಕ್ಕೆ ಧೈರ್ಯ ಬರಲ್ಲ."

ಅವಳ ತಾರಸಿಯ ಮೇಲೆ ಹಳೇ ಸೀರೆ ಹಾಸಿ ಅಕ್ಕಿ ಹರಡಿದೆವು. ಬಿಸಿಲಿಗೆ ಹುಳ ಅಂಚಿಗೆ ಓಡಲು ಶುರುವಾಯಿತು. ಆ ಕಡೆ ಅವಳು, ಈ ಕಡೆ ನಾನು, ಮೊರ ಹಿಡಿದು ಕೇರುತ್ತಾ ಕೂತೆವು. ಮೂರು ವರ್ಷದ ಅಕ್ಕಿ, ಬೇಗ ಮುಗಿಯುವಂಥದ್ದಲ್ಲ. ಕ್ಷಮಿಸು ಅಂತ ನಾನು ಕೇಳಲಿಲ್ಲ, ಅವಳೂ ಆ ಮಾತು ಎತ್ತಲಿಲ್ಲ.

ಸುಮಾರು ಹೊತ್ತಾದ ಮೇಲೆ ಅವಳು, "ನಾನೇ ಕಳಿಸಿದೆ ಅಕ್ಕ" ಅಂದಳು. "ಪಾದ್ರಿಗಳು ಹೇಳಿದ್ರು, ನೀವೆಲ್ಲ ಹೇಳಿದ್ರಿ, ಸರಿ. ಬಸ್ಸು ಹತ್ತಿಸಿದ ಕೈ ಯಾರದು? ನಾನು ಅವನನ್ನ ನಂಬಿ ಹತ್ತಿಸಿದೆ. ಅವನು ನೋಡ್ಕೋತಾನೆ ಅಂದೆ. ಎಲ್ಲಿ ನೋಡ್ಕೊಂಡ?"

ನನಗೆ ಏನಾಯಿತೋ. "ನನಗೂ ಮುಂದಿನ ಎರಡು ಹಲ್ಲು ಹೋಯ್ತು" ಅಂದೆ. "ನಮ್ಮಮ್ಮನ ಮನೆಗೆ ಹೋದೆ. ಉಪ್ಪುನೀರು ಕಾಸಿ ಬಾಯಿ ಮುಕ್ಕಳಿಸಕ್ಕೆ ಕೊಟ್ಟಳು. ಸಾಯಂಕಾಲದ ಬಸ್ಸಿಗೆ ವಾಪಸ್ ಕಳಿಸಿದಳು. ಕೈಯಲ್ಲಿ ಉಪ್ಪಿನಕಾಯಿ ಬಾಟ್ಲಿ ಕೊಟ್ಟಳು, ಗಂಡನಿಗೆ ಇಷ್ಟ ಅಂತ."

ಅವಳ ಮೊರ ನಿಂತಿತು. "ಕೂಟದಲ್ಲಿ ನೀನು ಹೇಳೋಕೆ ಮುಂಚೇನೇ ನನಗೆ ಗೊತ್ತಿತ್ತು" ಅಂದಳು.

"ಏನ್ ಗೊತ್ತಿತ್ತು? ನಾನು ಯಾವತ್ತು ನಿನಗೆ ಅಳತೆ ಕೊಟ್ಟಿದೀನಿ?"

"ಅದಕ್ಕೇ ಗೊತ್ತಾಯ್ತು ಅಕ್ಕ."

ಮೊರದಿಂದ ಒಂದು ಹುಳ ಆರಿಸಿ ಹಾಕಿ, "ನೀನು ಒಂದ್ ಸಲನೂ ಕೇಳಲಿಲ್ವಾ?" ಅಂದಳು.

"ಯಾರನ್ನ?"

"ಅವನನ್ನ."

"ಗಂಡನ್ನಾ? ಕೇಳಿದ್ರೆ ಇನ್ನೆರಡು ಬೀಳೋದು."

ನಕ್ಕುಬಿಟ್ಟಳು. ಅಳುವ ಮುಖದಲ್ಲೇ ನಕ್ಕಳು. "ಅಯ್ಯೋ, ಗಂಡನ್ನಲ್ಲ. ದೇವರನ್ನ."

"ದೇವರನ್ನ ಏನಂತ ಕೇಳ್ಲಿ? ಹೊಡೆದಿದ್ದು ಅವನಾ?"

ಅವಳು ಮತ್ತೆ ಕೇರಲು ಶುರು ಮಾಡಿದಳು. ನಾನು ತಲೆ ತಗ್ಗಿಸಿ ಹುಳ ಆರಿಸಿದೆ. ಆದರೆ ಅವಳು ಕೇಳಿದ್ದು ನನಗೆ ಚುಚ್ಚಿತು. ನನಗೆ ಅನುಮಾನ ಬಂದಿರಲಿಲ್ಲ, ಅದು ನನ್ನ ದೊಡ್ಡಸ್ತಿಕೆ ಅಂದುಕೊಂಡಿದ್ದೆ. ಕೂಟದಲ್ಲಿ ಸಾಕ್ಷಿ ಹೇಳುವಾಗಲೆಲ್ಲ ಅದನ್ನೇ ಹೇಳುತ್ತಿದ್ದೆ, ನಾನು ಒಂದು ದಿನ ಅಲ್ಲಾಡಿದವಳಲ್ಲ ಅಂತ. ಅಲ್ಲಾಡಲು ಮೊದಲು ಕೇಳಬೇಕಲ್ಲ. ನಾನು ಅವನಿಂದ ಏನೂ ಬಯಸಿರಲೇ ಇಲ್ಲ. ಇವಳು ಬಯಸಿದ್ದಳು. ಕೊಡದಿದ್ದಾಗ ಮುನಿಸಿಕೊಂಡು ಮೂರು ವರ್ಷ ಮಾತು ಬಿಟ್ಟಳು. ಅಷ್ಟು ಸಲಿಗೆ ನನಗೆ ಯಾರ ಹತ್ತಿರವೂ ಇರಲಿಲ್ಲ, ಭೂಮಿ ಮೇಲೂ ಇಲ್ಲ, ಮೇಲೂ ಇಲ್ಲ. ಇನ್ನೊಂದು ಇದೆ, ಅದನ್ನೂ ಬರೆದುಬಿಡುತ್ತೇನೆ. ಮಗಳ ಒಂದು ಕಿವಿಗಾಗಿ ತಾಯಿ ದೇವರ ಜೊತೆ ಜಗಳ ಆಡಿದಳು. ನನ್ನ ಎರಡು ಹಲ್ಲಿಗಾಗಿ ಯಾರೂ ಆಡಲಿಲ್ಲ. ಅವಳನ್ನು ಕಂಡು ಮಾತ್ರವಲ್ಲ, ಆ ಕಿವುಡಿ ಹುಡುಗಿಯನ್ನು ಕಂಡೂ ಅವತ್ತು ನನಗೆ ಹೊಟ್ಟೆ ಉರಿಯಿತು.

ಅಕ್ಕಿಯನ್ನು ಮತ್ತೆ ಡಬ್ಬಕ್ಕೆ ತುಂಬಿದೆವು. ಮೂಟೆಗೆ ಹಾಕಿಕೊಳ್ಳಲಾ ಅಂತ ಕೇಳಿದೆ. "ಇನ್ನೂ ಬೇಡ" ಅಂದಳು.

ಅದಾಗಿ ಎರಡು ತಿಂಗಳಿಗೆ ಅವಳು ಎದ್ದಳು. ಹೇಗೆ ಅಂದರೆ, ಅದರಲ್ಲಿ ನನ್ನದೂ ಒಂದು ತಪ್ಪಿದೆ.

ಮೊದಲ ಭಾನುವಾರ. ಕಟಕಟೆಯ ಹತ್ತಿರ ನಾವು ಸಾಲಾಗಿ ಮೊಣಕಾಲೂರಿದ್ದೆವು. ಅವಳ ಮಗಳು ನನ್ನ ಬಲಕ್ಕೆ, ಅಂದರೆ ಅವಳ ಕಿವುಡು ಕಿವಿ ನನ್ನ ಕಡೆ. ಅವಳ ಆ ಕಡೆ ಜಾಗ ಖಾಲಿ, ಅದರಾಚೆ ಕ್ವಾಯರಿನವರು ಜೋರಾಗಿ ಹಾಡುತ್ತಿದ್ದರು. ಪಾದ್ರಿಗಳು ಎಡದಿಂದ ಕೊಡುತ್ತಾ ಬಂದರು. ನನಗೆ ಕೊಟ್ಟರು. ಹುಡುಗಿಯ ಮುಂದೆ ನಿಂತು, ಇದು ನಿನಗಾಗಿ ಕೊಟ್ಟ ಪ್ರಭುವಿನ ಶರೀರ ಅಂತ ಹೇಳಬೇಕಾದ ಮಾತು ಮೆಲ್ಲಗೆ ಹೇಳಿದರು. ಅವಳು ಕಣ್ಣು ಮುಚ್ಚಿ ತಲೆ ಬಗ್ಗಿಸಿದ್ದಳು, ಕೇಳಿಸಲಿಲ್ಲ. ಕೈ ಮುಂದೆ ಮಾಡಲಿಲ್ಲ. ಪಾದ್ರಿಗಳು ಹೊಸಬರು, ಇವಳು ಏನೋ ಬೇಡ ಅನ್ನುತ್ತಿದ್ದಾಳೆ ಅಂದುಕೊಂಡು ರೊಟ್ಟಿ ಹಿಡಿದು ಹಾಗೇ ನಿಂತರು. ಹಿಂದೆ ಯಾರೋ ಪಿಸುಗುಟ್ಟಿದರು. ನಾನು ಮೊಣಕೈಯಿಂದ ಒಂದು ತಟ್ಟು ತಟ್ಟಿದ್ದರೆ ಮುಗಿಯುತ್ತಿತ್ತು. ತಟ್ಟಲಿಲ್ಲ. ಯಾಕೆ ಅಂತ ಆಗ ಕೇಳಿದ್ದರೆ ಪ್ರಾರ್ಥನೆಯಲ್ಲಿದ್ದೆ ಅನ್ನುತ್ತಿದ್ದೆ. ಇರಲಿಲ್ಲ. ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಸ್ವಲ್ಪ ಹೊತ್ತು ಹಾಗೇ ಇರಲಿ ಅಂತಲೇ ಇದ್ದೆ.

ಹಿಂದಿನಿಂದ ಕಾಲು ಎಳೆದು ನಡೆಯುವ ಸದ್ದು ಬಂತು. ಕೊನೆಯ ಬೆಂಚಿನಿಂದ ಕಟಕಟೆವರೆಗೆ ನಮ್ಮ ಚರ್ಚು ಉದ್ದ ಇದೆ. ಊದಿದ ಕಾಲು ಹಾಕುತ್ತಾ ನಡುದಾರಿಯಲ್ಲಿ ಬಂದಳು, ಮಗಳ ಆ ಕಡೆ, ಕೇಳಿಸುವ ಕಿವಿಯ ಕಡೆ ಮೊಣಕಾಲೂರಿದಳು. ಮಗಳ ಕಿವಿಗೆ ಬಾಯಿಟ್ಟು, ಪಾದ್ರಿಗಳು ಹೇಳಿದ ಮಾತನ್ನು ತಾನು ಹೇಳಿದಳು. ಪೂರ್ತಿ ಹೇಳಿದಳು, ಒಂದಕ್ಷರ ಬಿಡಲಿಲ್ಲ. ಹುಡುಗಿ ಕೈ ಚಾಚಿದಳು. ಪಾದ್ರಿಗಳು ಕೊಟ್ಟು, ಮುಂದೆ ಸರಿದು, ಅವಳ ಮುಂದೆ ನಿಂತರು. ಅವಳು ಅವರ ಮುಖ ನೋಡಿದಳು. ಎದ್ದು ಹೋಗುತ್ತಾಳೆ ಅಂದುಕೊಂಡೆ. ಸೆರಗಿನಲ್ಲಿದ್ದ ಸೂಜಿ ಮುಟ್ಟಿ ನೋಡಿಕೊಂಡಳು. ಆಮೇಲೆ ಎರಡೂ ಕೈ ಸೇರಿಸಿ ಮುಂದೆ ಹಿಡಿದಳು.

ಚರ್ಚಿನ ಹೊರಗೆ ಅವಳನ್ನು ಹಿಡಿದು ನಿಲ್ಲಿಸಿ ಕೇಳಿದೆ: "ಏನೇ, ಬಂತಾ ನಂಬಿಕೆ?"

"ಗೊತ್ತಿಲ್ಲ ಅಕ್ಕ. ಅವಳಿಗೆ ಹೇಳ್ದೆ. ಹೇಳುವಾಗ ನನಗೂ ಕೇಳಿಸ್ತು."

ನಾನು ತಟ್ಟದೆ ಇದ್ದದ್ದನ್ನು ಅವಳು ಕೊನೆಯ ಬೆಂಚಿನಿಂದಲೇ ನೋಡಿದ್ದಳು ಅನ್ನುವುದು ಖಂಡಿತ. ಯಾವತ್ತೂ ಎತ್ತಿ ಆಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು. ಮುಂದಿನ ಶನಿವಾರ ಮೂರೂ ಡಬ್ಬ ಬಾಗಿಲಿಗೆ ತಂದಿಟ್ಟಿದ್ದಳು. ನನ್ನ ಕೈಯಲ್ಲಿ ಎತ್ತಲಾಗಲಿಲ್ಲ, ಆಟೋಗೆ ಹಾಕಿಸಿದೆ. ಆಶ್ರಮದವನು, "ಏನಮ್ಮಾ, ಎಲ್ಲಿಯಾದ್ರೂ ಗೋಡೌನ್ ಒಡೆದ್ರಾ?" ಅಂದ.

ಅಲ್ಲಿಗೆ ಎಲ್ಲಾ ಸರಿಹೋಯಿತು ಅಂತ ಅಂದುಕೊಳ್ಳಬೇಡಿ. ಅವಳಿಗೆ ಆ ಅನುಮಾನ ಮತ್ತೆ ಬಂತು. ಕೋರ್ಟಿನಲ್ಲಿ ಅಳಿಯನ ಕೇಸು ಬಿದ್ದುಹೋದಾಗ ನಾಲ್ಕು ತಿಂಗಳು. ಕೊರೋನಾ ಕಾಲದಲ್ಲಿ ನಮ್ಮ ಗಲ್ಲಿಯ ಬಾಣಂತಿ ಹೋದಾಗ ಒಂದು ವರ್ಷದ ಮೇಲೆ. ಆಗೆಲ್ಲ ಚೀಲ ನಿಲ್ಲುತ್ತಿತ್ತು, ಡಬ್ಬ ತುಂಬುತ್ತಿತ್ತು. ನಮ್ಮಿಬ್ಬರ ನಡುವೆ ಅದಕ್ಕೊಂದು ಮಾತೇ ಆಗಿಹೋಗಿತ್ತು. ಶನಿವಾರ ಹೋಗಿ ನಿಂತು, "ಚೀಲಾನೋ, ಡಬ್ಬಾನೋ?" ಅನ್ನುತ್ತಿದ್ದೆ. "ಡಬ್ಬ ಅಕ್ಕ" ಅಂದರೆ ಕಾರಣ ಕೇಳುತ್ತಿರಲಿಲ್ಲ. ಬಿಸಿಲು ಚೆನ್ನಾಗಿದ್ದ ದಿನ ಹೋಗಿ ಹುಳ ಆರಿಸಿಕೊಟ್ಟು ಬರುತ್ತಿದ್ದೆ. ಪ್ರತಿ ಸಲವೂ ಅವಳು ಹೇಗೋ ದಾಟಿ ಬರುತ್ತಿದ್ದಳು. ಒಂದು ಸಲ ಯಾವುದೋ ಮುಸ್ಲಿಂ ಅಜ್ಜಿ ಅವಳಿಗಾಗಿ ದುವಾ ಮಾಡಿದಳು ಅಂತ, ಇನ್ನೊಂದು ಸಲ ಏನೂ ಕಾರಣವಿಲ್ಲದೆ, ಬೆಳಿಗ್ಗೆ ಎದ್ದು ಹಾಲು ಕಾಯಿಸುವಾಗ. "ನಂಬಿಕೆ ಹೆಂಗೆ ಬಂತು?" ಅಂದರೆ, "ಹೋಗಿದ್ದು ಹೆಂಗೆ ಅಂತಲೇ ಗೊತ್ತಿಲ್ಲ" ಅನ್ನುವಳು. ನಾನು ಮುಂದಾಳು ಆಗಿಯೇ ಇದ್ದೆ. ಜನ ಅವಳ ಹತ್ತಿರ ಹೋಗುತ್ತಲೇ ಇದ್ದರು.

ಸಕ್ಕರೆ ಕಾಯಿಲೆ ಅವಳ ಕಾಲಿನಿಂದ ಶುರುವಾಗಿ ಮೇಲಕ್ಕೆ ಬಂತು. ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ನಾನೂ ಅವಳೂ ಇಬ್ಬರೇ ಇದ್ದೆವು. ಮಗಳು ಗರುಡಾಚಾರ್‌ಪಾಳ್ಯದಲ್ಲಿ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾಳೆ, ಪಾಳಿ ಮುಗಿಸಿ ಬರಬೇಕಿತ್ತು. ನಾನು ಕೇಳಿದೆ: "ಈಗೇನೇ? ಚೀಲಾನೋ, ಡಬ್ಬಾನೋ?"

ಕಣ್ಣು ಮುಚ್ಚಿಕೊಂಡೇ ಯೋಚನೆ ಮಾಡಿದಳು. "ಚೀಲ" ಅಂದಳು. ಆಮೇಲೆ, "ತಳದಲ್ಲಿ ಸ್ವಲ್ಪ ಡಬ್ಬ" ಅಂದಳು.

ಕಲ್ಪಳ್ಳಿಯಲ್ಲಿ ಮಣ್ಣು ಮಾಡಿದೆವು. ಅಷ್ಟು ಜನ ಹೆಂಗಸರನ್ನು ಒಂದು ಸಮಾಧಿಯ ಸುತ್ತ ನಾನು ನೋಡಿರಲಿಲ್ಲ. ಎಲ್ಲರೂ ಅವಳು ಹೊಲಿದ ರವಿಕೆ ಹಾಕಿಕೊಂಡು ಬಂದ ಹಾಗಿತ್ತು. ನನಗೆ ಇಷ್ಟರಲ್ಲಿ ಕಾಲು ಭಾಗವೂ ಬರುವುದಿಲ್ಲ ಅಂತ ಅಲ್ಲೇ ನಿಂತು ಯೋಚಿಸಿದೆ. ಪಾದ್ರಿಗಳು, ನಾವು ಅವರನ್ನು ಮತ್ತೆ ನೋಡುತ್ತೇವೆ ಅಂದರು. ಈ ಮಾತು ಎಷ್ಟು ಸಮಾಧಿಯ ಮುಂದೆ ಕೇಳಿಲ್ಲ ನಾನು. ಆಮೆನ್ ಅಂದು ಒಂದು ಹಿಡಿ ಮಣ್ಣು ಹಾಕಿ 'ಮುಂದೇನು' ಅನ್ನುವವಳು. ಅವತ್ತು ಮಣ್ಣು ಕೈಯಲ್ಲಿ ಹಿಡಿದವಳಿಗೆ, ನಿಜವಾ ಅಂತ ಅನಿಸಿತು. ಎಪ್ಪತ್ತನಾಲ್ಕು ವರ್ಷಕ್ಕೆ ಮೊದಲ ಸಲ. ನಿಜವಾ? ನೋಡ್ತೀನಾ ಅವಳನ್ನ? ಯಾರು ಹೇಳಿದ್ದು? ಆಮೆನ್ ಬಾಯಿಗೆ ಬರಲಿಲ್ಲ.

ಮಾರನೇ ದಿನ ಅನ್ನಕ್ಕಿಡುವಾಗ ಹಿಡಿಯಕ್ಕಿ ತೆಗೆದೆ. ಚೀಲಕ್ಕೆ ಸುರಿಯುವ ಡಬ್ಬದ ಕಡೆ ಕೈ ಹೋಗಲಿಲ್ಲ. ಬಿಸ್ಕತ್ತಿನ ಒಂದು ತಗಡಿನ ಡಬ್ಬ ಖಾಲಿ ಇತ್ತು. ಅದಕ್ಕೆ ಹಾಕಿ ಮುಚ್ಚಿದೆ. ಅದರ ಮಾರನೇ ದಿನವೂ ಅಷ್ಟೇ.

ನನ್ನ ಮಂಡಿ ಹೋದ ಮೇಲೆ ಚೀಲ ಸೇರಿಸುವ ಕೆಲಸ ಅವಳ ಮಗಳದು. ಹೋದ ಶನಿವಾರ ಬಂದು ಬಾಗಿಲಲ್ಲಿ ನಿಂತಳು. ತಾಯಿಯ ಹಾಗೇ ಕುಳ್ಳಿ. ಈಗೀಗ ಹೆಂಗಸರು ಅವಳ ಮನೆಗೆ ಹೋಗಲು ಶುರು ಮಾಡಿದ್ದಾರೆ, ನೋಡುತ್ತಲೇ ಇದ್ದೇನೆ.

"ದೊಡ್ಡಮ್ಮ, ಚೀಲ?"

ನಲವತ್ತು ವರ್ಷ ಬೇರೆಯವರ ಬಾಗಿಲಲ್ಲಿ ಕೈ ಚಾಚಿ ನಿಂತವಳು ನಾನು. ಈ ವಾರ ಇಲ್ಲ ಅಂತ ಹೇಳುವುದು ಎಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಅವಳು ಅದನ್ನು ಮೂರು ವರ್ಷ ಪ್ರತಿ ಶನಿವಾರ, ಅದೂ ನನಗೆ, ಹೇಳಿದ್ದಾಳೆ.

"ಈ ವಾರ ಇಲ್ಲ ಕಣೆ" ಅಂದೆ.

ಹುಡುಗಿ ನನ್ನ ಮುಖ ನೋಡಿದಳು. ಹುಷಾರಿಲ್ವಾ ಅಂತ ಕೇಳಲಿಲ್ಲ. ಹೆಗಲಿನ ಚೀಲಗಳನ್ನು ಇಳಿಸಿ ಗೋಡೆಗೆ ಒರಗಿಸಿಟ್ಟಳು. ಚಪ್ಪಲಿ ಬಿಟ್ಟು ಒಳಗೆ ಬಂದಳು. ನಾನು ತೋರಿಸಿದ ಕುರ್ಚಿಯಲ್ಲಿ ಕೂರದೆ, ನಾನು ಕೂತ ಮಂಚದ ಈ ಕಡೆ ಬಂದು, ಕೇಳಿಸುವ ಕಿವಿ ನನ್ನ ಕಡೆ ಮಾಡಿ ಕೂತಳು. ಅವಳಮ್ಮ ಕೂರುತ್ತಿದ್ದಂತೆಯೇ ಕೂತಳು.

ಹೊಟ್ಟೆ ಉರಿಯಿತು. ಆದರೂ ಹೇಳಲು ಶುರು ಮಾಡಿದೆ.